ಹಳ್ಳಕ್ಕೆ ಬಿದ್ದ ತೋಳಕ್ಕೆ ಆಳಿಗೊಂದು ಕಲ್ಲು: 1941ರ ‘ದಿ ವುಲ್ಫ್ ಮ್ಯಾನ್’ ಬಗ್ಗೆ ಜನ ಹೇಳುವುದರಲ್ಲಿ ಎಷ್ಟು ನಿಜ?

ಪ್ರಶ್ನೆ: ಹಳೆಯ ಹಾರರ್ ಸಿನಿಮಾಗಳನ್ನು ಈಗಷ್ಟೇ ನೋಡಲು ಶುರು ಮಾಡಿದ್ದೇನೆ. 1941ರ ಕಪ್ಪು-ಬಿಳುಪಿನ ‘ದಿ ವುಲ್ಫ್ ಮ್ಯಾನ್’ ಬಗ್ಗೆ ನೋಡಿದವರ ಅಭಿಪ್ರಾಯ ಓದಿದರೆ ತಲೆ ಕೆಡುತ್ತದೆ. ಒಬ್ಬರು ಮೇರುಕೃತಿ ಅನ್ನುತ್ತಾರೆ. ಇನ್ನೊಬ್ಬರು ‘ಹೆದರಿಕೆಯೇ ಆಗಲಿಲ್ಲ, ಮನುಷ್ಯ ತೋಳವಾಗುವಾಗ ಬರೀ ಕಾಲು ತೋರಿಸಿ ಮುಗಿಸಿದ್ದಾರೆ, ಬನಿಯನ್‌ನಲ್ಲಿದ್ದವನು ತೋಳವಾದ ಮೇಲೆ ಅಂಗಿ ತೊಟ್ಟಿದ್ದಾನೆ’ ಎಂದು ನಗುತ್ತಾರೆ. ಯಾರ ಮಾತು ನಂಬಬೇಕು? ನೋಡುವುದಾದರೆ ಹೇಗೆ ನೋಡಬೇಕು? ಹನ್ನೊಂದು ವರ್ಷದ ಮಗಳ ಜೊತೆ ನೋಡಬಹುದೇ?

ಉತ್ತರ: ನೀವು ಓದಿದ ದೂರುಗಳಲ್ಲಿ ಮುಕ್ಕಾಲು ಪಾಲು ನಿಜ. ಹೊಗಳಿಕೆಯೂ ನಿಜವೇ. ಎರಡೂ ಒಂದೇ ಕಾರಣದಿಂದ ಹುಟ್ಟಿದವು, ಆ ಕಾರಣ ಗೊತ್ತಾದರೆ ಯಾರ ಮಾತಿಗೆ ಎಷ್ಟು ತೂಕ ಕೊಡಬೇಕು ಅನ್ನುವುದು ತಾನಾಗಿ ತಿಳಿಯುತ್ತದೆ.

ಅದಕ್ಕೂ ಮೊದಲು ಒಂದು ಸಣ್ಣ ಎಚ್ಚರಿಕೆ. ಹೆಚ್ಚುಕಮ್ಮಿ ಇದೇ ಹೆಸರಿನ ಮೂರು ಸಿನಿಮಾಗಳಿವೆ. 1941ರದು ‘ದಿ ವುಲ್ಫ್ ಮ್ಯಾನ್’. 2010ರಲ್ಲಿ ಬೆನಿಸಿಯೊ ಡೆಲ್ ಟೊರೊ ನಟಿಸಿದ್ದು ‘ದಿ ವುಲ್ಫ್‌ಮ್ಯಾನ್’, ಎರಡು ಪದ ಸೇರಿ ಒಂದಾಗಿದೆ. 2025ರದು ‘ದಿ’ ಇಲ್ಲದ ‘ವುಲ್ಫ್ ಮ್ಯಾನ್’. ಅಭಿಪ್ರಾಯ ಓದುವಾಗ ಇಸವಿ ನೋಡದಿದ್ದರೆ ಒಂದರ ಬೈಗುಳ ಇನ್ನೊಂದಕ್ಕೆ ಬೀಳುತ್ತದೆ. ಸಾಲದ್ದಕ್ಕೆ 1941ರದನ್ನು ಅದರ ಮುಂದುವರಿದ ಭಾಗಗಳ ಜೊತೆ ಕಲಸಿ ನೆನಪಿಟ್ಟುಕೊಂಡವರೂ ಬಹಳ. ಇವರನ್ನು ಹಿಡಿಯುವುದು ಸುಲಭ: ‘ಹುಣ್ಣಿಮೆ ಚಂದ್ರ ಮೂಡುವ ದೃಶ್ಯ ಅದ್ಭುತ’ ಎಂದು ಯಾರಾದರೂ ಬರೆದಿದ್ದರೆ ಅವರು ನೆನೆಯುತ್ತಿರುವುದು ಬೇರೆ ಸಿನಿಮಾ. 1941ರ ಚಿತ್ರದಲ್ಲಿ ಹುಣ್ಣಿಮೆಯ ಮಾತೇ ಇಲ್ಲ. ಹಳ್ಳಿಯವರೆಲ್ಲ ಬಾಯಿಪಾಠ ಮಾಡಿಕೊಂಡಂತೆ ಹೇಳುವ ಆ ಪದ್ಯದಲ್ಲಿ ಬರುವುದು ‘ಶರತ್ಕಾಲದ ಚಂದ್ರ’, ಜೊತೆಗೆ ವುಲ್ಫ್ಸ್‌ಬೇನ್ ಗಿಡ ಹೂ ಬಿಡುವ ಕಾಲ. ಚಂದ್ರ ‘ಪೂರ್ಣ’ನಾದದ್ದು 1943ರ ಮುಂದಿನ ಚಿತ್ರದಲ್ಲಿ, ಅದೇ ಪದ್ಯದ ಕೊನೆಯ ಸಾಲನ್ನು ತಿದ್ದಿದಾಗ. (ವುಲ್ಫ್ಸ್‌ಬೇನ್ ಅಂದರೆ ನಮ್ಮ ಆಯುರ್ವೇದದ ವತ್ಸನಾಭಿಯ ಕುಲದ ವಿಷದ ಗಿಡ.) ಆ ಪದ್ಯ ಯುರೋಪಿನ ಹಳೆಯ ಜನಪದ ಎಂದು ನಂಬಿದವರೂ ಇದ್ದಾರೆ. ಅಲ್ಲ, ಚಿತ್ರಕಥೆಗಾರ ಕರ್ಟ್ ಸಿಯೋಡ್ಮಾಕ್ ಕೂತು ಕಟ್ಟಿದ್ದು.

ಈಗ ಮುಖ್ಯ ಕಾರಣಕ್ಕೆ ಬರೋಣ. ಸಿಯೋಡ್ಮಾಕ್ ಮೊದಲು ಬರೆದದ್ದು ತೋಳಮನುಷ್ಯನನ್ನು ಕಣ್ಣಿಗೆ ತೋರಿಸುವ ಕಥೆಯಲ್ಲ. ಮೊದಲ ಕರಡಿನಲ್ಲಿ ಕಥಾನಾಯಕ ಲ್ಯಾರಿ ಹಳ್ಳಿಯ ಬಂಗಲೆಯ ಮಗನೂ ಅಲ್ಲ, ಟೆಲಿಸ್ಕೋಪ್ ಜೋಡಿಸಲು ಅಮೆರಿಕದಿಂದ ಬಂದ ತಂತ್ರಜ್ಞ. ಅವನು ನಿಜವಾಗಿ ತೋಳವಾಗುತ್ತಾನೋ ಅಥವಾ ಆಗುತ್ತೇನೆಂದು ಹುಚ್ಚು ಹಿಡಿದಿದೆಯೋ ಅನ್ನುವುದು ಪ್ರೇಕ್ಷಕರಿಗೆ ಬಗೆಹರಿಯಬಾರದು, ಇದು ಆಟ. ಆದರೆ ಯೂನಿವರ್ಸಲ್ ಸ್ಟುಡಿಯೊಗೆ ಬೇಕಾಗಿದ್ದದ್ದು ಪೋಸ್ಟರಿನಲ್ಲಿ ಹಾಕಬಹುದಾದ ರಾಕ್ಷಸ. ‘ಡ್ರಾಕುಲಾ’ ಮತ್ತು ‘ಫ್ರಾಂಕನ್‌ಸ್ಟೈನ್’ ಎರಡೂ 1931ರಲ್ಲಿ ಅದಕ್ಕೆ ದುಡ್ಡು ತಂದುಕೊಟ್ಟಿದ್ದವು. ಹಾಗಾಗಿ ಮನಸ್ಸಿನ ಕಾಯಿಲೆಯ ಕಥೆಯೊಳಗೆ ಕೂದಲು ಮೆತ್ತಿದ ಮುಖ ಬಂದು ಕೂತಿತು. ಹೊಲಿಗೆ ಹಾಕಿದ ಜಾಗ ಇವತ್ತಿಗೂ ಕಾಣುತ್ತದೆ.

ಹುಡುಕಿ ನೋಡಿ. ಸಿನಿಮಾ ಶುರುವಾಗುವುದೇ ಕಪಾಟಿನಿಂದ ಒಂದು ವಿಶ್ವಕೋಶ ತೆಗೆದು ಪುಟ ತಿರುವುವುದರಿಂದ, ಆ ಪುಟದಲ್ಲಿ ಲೈಕಾಂತ್ರಪಿಯನ್ನು, ಅಂದರೆ ತಾನು ತೋಳವಾಗುತ್ತೇನೆಂಬ ಭ್ರಮೆಯನ್ನು, ಮನಸ್ಸಿನ ರೋಗ ಎಂದು ವಿವರಿಸಿದೆ. ಊರಿನ ಡಾಕ್ಟರು ಕೊನೆಯ ತನಕ ಇದು ಮನೋರೋಗ ಎಂದೇ ವಾದಿಸುತ್ತಾರೆ. ಲ್ಯಾರಿಯ ಅಪ್ಪ ಸರ್ ಜಾನ್ ಕೂಡ ಅದನ್ನೇ ನಂಬಲು ನೋಡುತ್ತಾನೆ. ಲ್ಯಾರಿ ಕ್ಯಾಲಿಫೋರ್ನಿಯಾದಲ್ಲಿ ಮಸೂರ, ಟೆಲಿಸ್ಕೋಪಿನ ಕೆಲಸ ಮಾಡಿದವನು ಅನ್ನುವ ವಿವರವೂ ಹಳೆಯ ಕರಡಿನ ಪಳೆಯುಳಿಕೆ. ತೋಳಮನುಷ್ಯ ತೆರೆಗೆ ಬರುವುದು ಚಿತ್ರ ಅರ್ಧ ದಾಟಿದ ಮೇಲೆ. ಒಟ್ಟು ಉದ್ದ 70 ನಿಮಿಷ ಅನ್ನುವುದನ್ನು ನೆನಪಿಡಿ. ‘ಬರೀ ಮಾತು, ತೋಳ ಎಲ್ಲಿ?’ ಎಂದು ಗೊಣಗುವವರ ದೂರು ಇಲ್ಲಿಂದ ಹುಟ್ಟಿದ್ದು. ‘ಆ ಮನುಷ್ಯನ ಸಂಕಟ ನೋಡಿ ಕರುಳು ಕಿವುಚಿತು’ ಎಂದು ಬರೆಯುವವರ ಮೆಚ್ಚುಗೆಯೂ ಇಲ್ಲಿಂದಲೇ.

ಕಥೆ ಎರಡು ಸಾಲಿನಲ್ಲಿ: ಅಣ್ಣ ಬೇಟೆಯಲ್ಲಿ ಸತ್ತ ಸುದ್ದಿ ತಿಳಿದು ಲ್ಯಾರಿ ಟಾಲ್ಬಟ್ 18 ವರ್ಷದ ನಂತರ ಅಮೆರಿಕದಿಂದ ವೇಲ್ಸಿನ ಹಳ್ಳಿಗೆ ಮರಳುತ್ತಾನೆ. ಒಬ್ಬ ಹೆಣ್ಣುಮಗಳನ್ನು ಕಾಪಾಡಲು ಹೋಗಿ ತೋಳದ ಬಾಯಿಗೆ ಸಿಕ್ಕು, ಬೆಳ್ಳಿ ಹಿಡಿಕೆಯ ಊರುಗೋಲಿನಿಂದ ಅದನ್ನು ಬಡಿದು ಕೊಲ್ಲುತ್ತಾನೆ. ಆಮೇಲೆ ನೋಡಿದರೆ ಅಲ್ಲಿ ಬಿದ್ದಿರುವುದು ಕಣಿ ಹೇಳುವವನ ಹೆಣ. ಅಲ್ಲಿಂದ ಮುಂದೆ ಅವನ ಸರದಿ.

ನೀವು ಕೇಳಿದ ಕಾಲಿನ ವಿಚಾರ. ಹೌದು, ಲ್ಯಾರಿ ಮೊದಲ ಸಲ ತೋಳವಾಗುವಾಗ ಕಾಣುವುದು ಕಾಲು ಮಾತ್ರ. ಕುರ್ಚಿಯಲ್ಲಿ ಕೂತು ಬೂಟು ಕಾಲುಚೀಲ ಕಳಚುತ್ತಾನೆ, ಕಾಲಿನ ಮೇಲೆ ಕೂದಲು ದಟ್ಟವಾಗುತ್ತ ಹೋಗುತ್ತದೆ, ಆ ಪಾದಗಳು ತುದಿಗಾಲಲ್ಲಿ ನಡೆಯತೊಡಗುತ್ತವೆ. ಮುಖ ಬದಲಾಗುವುದನ್ನು ಈ ಚಿತ್ರ ತೋರಿಸುವುದು ಕೊನೆಯಲ್ಲಿ, ಅದೂ ತೋಳದಿಂದ ಮನುಷ್ಯನತ್ತ. ಮನುಷ್ಯನ ಮುಖ ಕಣ್ಣೆದುರಿಗೇ ತೋಳದ್ದಾಗುವುದನ್ನು ನೋಡಬೇಕಾದರೆ 1943ರ ‘ಫ್ರಾಂಕನ್‌ಸ್ಟೈನ್ ಮೀಟ್ಸ್ ದಿ ವುಲ್ಫ್ ಮ್ಯಾನ್’ ತನಕ ಕಾಯಬೇಕು.

ಇದನ್ನು ಸೋಮಾರಿತನ ಅನ್ನುವವರು ಆ ಕಾಲದಲ್ಲಿ ಇದನ್ನು ತೆಗೆಯುತ್ತಿದ್ದ ರೀತಿ ನೋಡಬೇಕು. ಕ್ಯಾಮೆರಾವನ್ನು ಅಲುಗಾಡದಂತೆ ಬಿಗಿಯಬೇಕು. ಕಾಲು ಎಲ್ಲಿದೆಯೋ ಅಲ್ಲೇ ಗುರುತು ಹಾಕಬೇಕು. ಕೆಲವು ಅಡಿ ಫಿಲ್ಮ್ ಓಡಿಸಿ ನಿಲ್ಲಿಸಿ, ಒಂದು ಪದರ ಕೂದಲು ಅಂಟಿಸಿ, ಕಾಲನ್ನು ಅದೇ ಗುರುತಿಗೆ ತಂದು ಮತ್ತೆ ಓಡಿಸಬೇಕು. ಹೀಗೆ ಹಂತ ಹಂತವಾಗಿ ತೆಗೆದ ತುಣುಕುಗಳನ್ನು ಆಮೇಲೆ ಒಂದರ ಮೇಲೊಂದು ಕರಗಿಸಿ ಜೋಡಿಸುವುದು, ಇದಕ್ಕೆ ಲ್ಯಾಪ್ ಡಿಸಾಲ್ವ್ ಎನ್ನುತ್ತಾರೆ. ಒಂದು ಹಂತಕ್ಕೂ ಇನ್ನೊಂದಕ್ಕೂ ನಡುವೆ ಕಾಲು ಒಂದೆರಡು ಮಿಲಿಮೀಟರ್ ಸರಿದರೂ ಅಂಚು ಎರಡಾಗಿ ಕಾಣುತ್ತದೆ, ಕಣ್ಣು ತಕ್ಷಣ ಹಿಡಿಯುತ್ತದೆ. ಕುರ್ಚಿಯಲ್ಲಿ ಕೂತವನ ಕಾಲನ್ನು ಹಿಡಿದಿಡುವುದು ತಕ್ಕಮಟ್ಟಿಗೆ ಸುಲಭ. ಉಸಿರಾಡುವ, ರೆಪ್ಪೆ ಬಡಿಯುವ ಮುಖವನ್ನು ಗಂಟೆಗಟ್ಟಲೆ ಒಂದೇ ಜಾಗದಲ್ಲಿ ನಿಲ್ಲಿಸುವುದು ಬೇರೆಯೇ ಕಷ್ಟ. ಕೊನೆಯ ದೃಶ್ಯದಲ್ಲಿ ಅವನು ನೆಲದ ಮೇಲೆ ಮಲಗಿರುವುದರಿಂದ ಮುಖ ತೋರಿಸುವ ಧೈರ್ಯ ಮಾಡಿದ್ದಾರೆ, ಹೆಣ ಅಲುಗಾಡುವುದಿಲ್ಲವಲ್ಲ. ಅದೂ ಪೂರ್ತಿ ಮೇಕಪ್ಪಿನಿಂದ ಶುರುಮಾಡಿ ಪದರ ಕಳೆಯುತ್ತ ಹೋದರೆ ಸಾಕು.

ಹೋಲಿಸಿ ನೋಡಲು ಒಳ್ಳೆಯ ಉದಾಹರಣೆ 1935ರ ‘ವೇರ್‌ವುಲ್ಫ್ ಆಫ್ ಲಂಡನ್’. ಅಲ್ಲಿ ಹೆನ್ರಿ ಹಲ್ ಸಾಲುಕಂಬಗಳ ಹಿಂದೆ ನಡೆದುಹೋಗುತ್ತಾನೆ, ಒಂದೊಂದು ಕಂಬ ದಾಟಿದಾಗಲೂ ಮುಖ ಇನ್ನಷ್ಟು ತೋಳದ್ದಾಗಿರುತ್ತದೆ. ಕಂಬದ ಮರೆಯಲ್ಲಿ ಕತ್ತರಿ ಹಾಕಿದ್ದಾರೆ, ಅಷ್ಟೆ. ಬುದ್ಧಿವಂತಿಕೆಯಲ್ಲಿ 1941ರದಕ್ಕಿಂತ ಇದೇ ಒಂದು ಕೈ ಮೇಲು.

ಮುಖದ ಮೇಕಪ್ ಜ್ಯಾಕ್ ಪಿಯರ್ಸ್ ಅವರದು. ಫ್ರಾಂಕನ್‌ಸ್ಟೈನನ ಚಪ್ಪಟೆ ತಲೆಯ ಪ್ರಾಣಿಯನ್ನೂ 1932ರ ಮಮ್ಮಿಯನ್ನೂ ರೂಪಿಸಿದ ಅದೇ ಕೈ. ಮೂಗಿಗೆ ರಬ್ಬರಿನ ತುಂಡು, ಉಳಿದಂತೆ ಯಾಕ್ ಪ್ರಾಣಿಯ ಕೂದಲನ್ನು ಸ್ವಲ್ಪ ಸ್ವಲ್ಪವಾಗಿ ಅಂಟು ಹಚ್ಚಿ ಸಾಲು ಸಾಲಾಗಿ ಕೂರಿಸಿ, ಕಾದ ಕಬ್ಬಿಣದಿಂದ ತುದಿ ಸುಟ್ಟು ಹದಕ್ಕೆ ತರುವುದು. ಪ್ರತಿದಿನ ಮೊದಲಿನಿಂದ. ‘ಟೆಡ್ಡಿ ಬೇರ್ ತರ ಇದೆ’ ಎಂದು ನಗುವವರನ್ನು ತಪ್ಪು ಅನ್ನಲಾಗುವುದಿಲ್ಲ. ಕೆಲವು ಪ್ರಚಾರದ ಫೋಟೊಗಳಲ್ಲಿ ಹಾಗೇ ಕಾಣುತ್ತದೆ. ಸಿನಿಮಾದಲ್ಲಿ ಕಣ್ಣುಗಳನ್ನು ನೋಡಿ. ಕೂದಲಿನ ನಡುವೆ, ಲ್ಯಾರಿಯಾಗಿ ನಟಿಸಿದ ಲಾನ್ ಚೇನಿ ಜೂನಿಯರ್‌ನ ಕಣ್ಣು ಮನುಷ್ಯನದಾಗಿಯೇ ಉಳಿದಿದೆ.

ಇನ್ನು ಬನಿಯನ್. ಇದು ಅಪ್ಪಟ ತಪ್ಪು, ಸಮರ್ಥನೆ ಇಲ್ಲ. ಕುರ್ಚಿಯಲ್ಲಿ ಕೂತಾಗ ಮೈಮೇಲೆ ಬನಿಯನ್, ಕಾಡಿನಲ್ಲಿ ಕಂಡಾಗ ಕುತ್ತಿಗೆ ತನಕ ಗುಂಡಿ ಹಾಕಿದ ಕಪ್ಪಂಗಿ. ಕೂದಲು ಅಂಟಿಸಿದ್ದು ಮುಖ, ಕೈ, ಪಾದಗಳಿಗೆ ಮಾತ್ರ, ಮಿಕ್ಕಿದ್ದನ್ನು ಬಟ್ಟೆ ಮುಚ್ಚಲೇಬೇಕು. ಆದರೆ ಅಂಗಿ ಕಳಚುವ ದೃಶ್ಯವನ್ನಾದರೂ ಬಿಡಬಹುದಿತ್ತು.

ಇದಕ್ಕಿಂತ ದೊಡ್ಡ ತೂತು ಒಂದಿದೆ, ನಗುವವರಲ್ಲೂ ಎಲ್ಲರಿಗೂ ಹೊಳೆದಿರುವುದಿಲ್ಲ. ಬೇಲಾ ಲುಗೋಸಿ ನಟಿಸಿದ ಕಣಿಯವನು ನಾಲ್ಕು ಕಾಲಿನ ಪೂರ್ತಿ ತೋಳವಾಗುತ್ತಾನೆ. (ತೆರೆಯ ಮೇಲೆ ಜರ್ಮನ್ ಶೆಫರ್ಡ್ ನಾಯಿ ಎಂದು ಯಾರಿಗಾದರೂ ತಿಳಿಯುತ್ತದೆ.) ಅವನಿಂದಲೇ ಕಚ್ಚಿಸಿಕೊಂಡ ಲ್ಯಾರಿ ಮಾತ್ರ ಎರಡು ಕಾಲಿನ ಮೇಲೆ ನಡೆಯುವ ಅರ್ಧ ಮನುಷ್ಯ. ಯಾಕೆ? ಚಿತ್ರದಲ್ಲಿ ಉತ್ತರವಿಲ್ಲ. ಮೊದಲ ಕರಡಿನ ದಿಕ್ಕಿನಿಂದ ನೋಡಿದರೆ ಮಾತ್ರ ಅರ್ಥವಾಗುತ್ತದೆ: ಊರವರು ಕಂಡದ್ದು ತೋಳ, ಲ್ಯಾರಿ ತನ್ನನ್ನು ತಾನು ಕಂಡುಕೊಳ್ಳುವ ರೂಪ ಬೇರೆ.

ಪಾತ್ರಧಾರಿಗಳ ಬಗ್ಗೆ ಬರುವ ದೂರುಗಳೂ ಲೆಕ್ಕಕ್ಕೆ ಸಿಗುವಂಥವು. ಅಪ್ಪನಾಗಿ ನಟಿಸಿದ ಕ್ಲಾಡ್ ರೈನ್ಸ್ ಹುಟ್ಟಿದ್ದು 1889, ಮಗನಾದ ಚೇನಿ 1906. ಅಂತರ ಹದಿನಾರು ವರ್ಷ ಚಿಲ್ಲರೆ. ಅಪ್ಪ ಗಿಡ್ಡ, ಮಾತು ಅಪ್ಪಟ ಇಂಗ್ಲಿಷ್ ರಂಗಭೂಮಿಯದು. ಮಗ ಆಳೆತ್ತರದ ಅಮೆರಿಕನ್. ಕಣಿಯವನ ತಾಯಿ ಮಲೇವಾ ಪಾತ್ರದ ಮರಿಯಾ ಊಸ್ಪೆನ್‌ಸ್ಕಾಯಾ 1876ರವರು, ಆಕೆಯ ‘ಮಗ’ ಲುಗೋಸಿ 1882ರವನು: ತಾಯಿ ಮಗನಿಗಿಂತ ಆರೇ ವರ್ಷ ದೊಡ್ಡವಳು. ಹಳ್ಳಿ ವೇಲ್ಸಿನದು, ವೇಲ್ಸಿನ ಉಚ್ಚಾರಣೆ ಹುಡುಕಿದರೂ ಸಿಗದು. ಕಾರು ಓಡಾಡುತ್ತದೆ, ಯುದ್ಧದ ಸುಳಿವಿಲ್ಲ. ಇವೆಲ್ಲ ಸೇರಿ ಊರು ಎಲ್ಲಿಯದೂ ಅಲ್ಲದ, ಯಾವ ಕಾಲದ್ದೂ ಅಲ್ಲದ ಕಟ್ಟುಕಥೆಯ ಊರಾಗಿದೆ. ಬೇಕೆಂದೇ ಮಾಡಿದ್ದೋ, ಸ್ಟುಡಿಯೊದಲ್ಲಿ ಇದ್ದಬದ್ದ ಸೆಟ್ಟಿನಲ್ಲಿ ಆದದ್ದೋ, ಪರಿಣಾಮ ಮಾತ್ರ ಚಿತ್ರಕ್ಕೆ ಒಳ್ಳೆಯದೇ.

ಎರಡು ಆಕ್ಷೇಪಗಳನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಂದು, ಲ್ಯಾರಿ ಟೆಲಿಸ್ಕೋಪಿನಲ್ಲಿ ಊರಿನ ಅಂಗಡಿಯವನ ಮಗಳು ಗ್ವೆನ್‌ಳ ಕೋಣೆಯೊಳಗೆ ಇಣುಕಿ, ಅಂಗಡಿಗೆ ಹೋಗಿ ಅವಳ ಓಲೆಯನ್ನು ವರ್ಣಿಸಿ, ಅವಳು ಬೇಡವೆಂದರೂ ರಾತ್ರಿ ಬಂದು ನಿಲ್ಲುತ್ತಾನೆ. 1941ರಲ್ಲಿ ಇದು ತುಂಟತನ, ಇವತ್ತು ಬೆನ್ನುಹತ್ತುವ ಕಾಟ. ಎರಡು, ಕಣಿಯವನೂ ಮಲೇವಾಳೂ ಸೇರಿದ ರೋಮಾ ಎಂಬ ಅಲೆಮಾರಿ ಜನರನ್ನು ಶಾಪ ಹೊತ್ತು ತಿರುಗುವವರಂತೆ ತೋರಿಸಿರುವುದು. ಮಲೇವಾ ಚಿತ್ರದ ಅತ್ಯಂತ ಘನತೆಯ ಪಾತ್ರ ಅನ್ನುವುದು ನಿಜ. ಅಷ್ಟರಿಂದ ಆ ಆಕ್ಷೇಪ ಹೋಗುವುದಿಲ್ಲ.

ಹೊಗಳುವವರು ಏನು ಕಂಡರು ಎಂದು ತಿಳಿಯಬೇಕಾದರೆ ಎರಡು ದೃಶ್ಯ ಸಾಕು. ಜಾತ್ರೆಯಲ್ಲಿ ಗುರಿ ಇಟ್ಟು ಹೊಡೆಯುವ ಅಂಗಡಿ. ಲ್ಯಾರಿ ಬಂದೂಕು ಹಿಡಿದಿದ್ದಾನೆ, ಗೊಂಬೆಗಳು ಒಂದೊಂದಾಗಿ ಏಳುತ್ತವೆ, ಹೊಡೆಯುತ್ತಾನೆ. ಕೊನೆಗೆ ಏಳುವುದು ತೋಳದ ಗೊಂಬೆ. ಅವನ ಕೈ ನಿಂತುಹೋಗುತ್ತದೆ. ಸುತ್ತ ಊರವರು ನೋಡುತ್ತಿದ್ದಾರೆ. ಇನ್ನೊಂದು, ಚರ್ಚ್. ಲ್ಯಾರಿ ಬಾಗಿಲ ಬಳಿ ನಿಂತಿದ್ದಾನೆ, ಕೂತಿದ್ದ ಜನ ಒಬ್ಬೊಬ್ಬರಾಗಿ ಹಿಂದಿರುಗಿ ದಿಟ್ಟಿಸುತ್ತಾರೆ. ಯಾರೂ ಒಂದು ಮಾತಾಡುವುದಿಲ್ಲ. ಅವನಿಗೆ ಒಂದು ಹೆಜ್ಜೆಯೂ ಮುಂದಿಡಲಾಗುವುದಿಲ್ಲ, ತಿರುಗಿ ಹೊರಟುಬಿಡುತ್ತಾನೆ. ಕೂದಲಿಲ್ಲ, ಹಲ್ಲಿಲ್ಲ, ಮಂಜಿಲ್ಲ, ಆದರೂ ಇಡೀ ಚಿತ್ರದಲ್ಲಿ ಮೈ ಜುಮ್ಮೆನ್ನಿಸುವುದು ಇದೇ ದೃಶ್ಯ. ಚಿತ್ರಕಥೆ ಬರೆದ ಸಿಯೋಡ್ಮಾಕ್ ಹಿಟ್ಲರ್ ಅಧಿಕಾರಕ್ಕೆ ಬಂದ 1933ರಲ್ಲಿ ಜರ್ಮನಿ ಬಿಟ್ಟ ಯಹೂದಿ. ಮುಂದೆ ಸಾಯುವವರ ಅಂಗೈಯಲ್ಲಿ ನಕ್ಷತ್ರದ ಗುರುತು ಮೂಡುವ ಕಲ್ಪನೆಯನ್ನು ವಿಮರ್ಶಕರು ಯಹೂದಿಗಳ ಮೇಲೆ ಹೇರಿದ ನಕ್ಷತ್ರದ ಜೊತೆ ಇಟ್ಟು ನೋಡುವುದು ಇದಕ್ಕೇ. ಚಿತ್ರ ಬಿಡುಗಡೆಯಾದದ್ದು 1941ರ ಡಿಸೆಂಬರಿನಲ್ಲಿ, ಪರ್ಲ್ ಹಾರ್ಬರ್ ಮೇಲೆ ದಾಳಿಯಾದ ವಾರದಲ್ಲಿ. ಆದರೂ ಜನ ಹೋಗಿ ನೋಡಿದರು. 1957ರ ನಂತರ ಯೂನಿವರ್ಸಲ್‌ನ ಹಳೆಯ ಹಾರರ್ ಚಿತ್ರಗಳು ಅಮೆರಿಕದ ಟಿವಿಗೆ ಬಂದಾಗ ಇನ್ನೊಂದು ತಲೆಮಾರು ರಾತ್ರಿ ಎದ್ದು ಕೂತು ನೋಡಿತು. ಇವತ್ತು ಮನಸ್ಸು ತುಂಬಿ ಹೊಗಳುವವರಲ್ಲಿ ಹಾಗೆ ಮಕ್ಕಳಾಗಿ ನೋಡಿದವರು ಬಹಳ, ಅವರ ಮಾತಿನಿಂದ ಬಾಲ್ಯದ ಪಾಲನ್ನು ಸ್ವಲ್ಪ ಕಳೆದು ಓದಿ. ಅದೇ ರೀತಿ, 1981ರ ‘ಆ್ಯನ್ ಅಮೆರಿಕನ್ ವೇರ್‌ವುಲ್ಫ್ ಇನ್ ಲಂಡನ್’ ನೋಡಿ ಇಲ್ಲಿಗೆ ಬಂದವರಿಗೆ ನಿರಾಸೆ ಖಂಡಿತ. ಅಲ್ಲಿ ಎಲುಬು ಉದ್ದವಾಗುವುದನ್ನೇ ತೋರಿಸಿ ರಿಕ್ ಬೇಕರ್ ಆಸ್ಕರ್ ಪಡೆದರು.

ಈಗ ನೋಡುವ ರೀತಿ. ಇದನ್ನು ವಿವರವಾಗಿ ಹೇಳುತ್ತೇನೆ, ಯಾಕೆಂದರೆ ‘ಪ್ರಿಂಟ್ ಕೆಟ್ಟದಾಗಿದೆ, ಮಬ್ಬು’ ಅನ್ನುವ ದೂರುಗಳಲ್ಲಿ ಬಹುಪಾಲು ಟಿವಿಯ ತಪ್ಪು. ಈ ಚಿತ್ರದ ಚೌಕಟ್ಟು 1.37:1, ಅಂದರೆ ಹೆಚ್ಚುಕಮ್ಮಿ ಚೌಕ. ನಿಮ್ಮ ಟಿವಿ 16:9. ಎಡಬಲ ಕಪ್ಪು ಪಟ್ಟಿ ಬಂದರೆ ಸರಿಯಾಗಿದೆ ಎಂದು ಅರ್ಥ. ಪಟ್ಟಿ ಹೋಗಲೆಂದು ‘ಜೂಮ್’ ಒತ್ತಿದರೆ ಚಿತ್ರದ ಎತ್ತರದಲ್ಲಿ ಸುಮಾರು 23% ಕತ್ತರಿಸಿಹೋಗುತ್ತದೆ, ನೆಲದ ಮಂಜೂ ಹೋಯಿತು, ಪಾದವೂ ಹೋಯಿತು. ‘ಸ್ಟ್ರೆಚ್’ ಒತ್ತಿದರೆ ಎಲ್ಲರೂ 30% ದಪ್ಪಗಾಗುತ್ತಾರೆ, ಚೇನಿ ನಿಜಕ್ಕೂ ಟೆಡ್ಡಿ ಬೇರ್ ಆಗುತ್ತಾನೆ.

ಪಿಕ್ಚರ್ ಮೋಡ್ ‘ಸಿನಿಮಾ’ ಅಥವಾ ‘ಫಿಲ್ಮ್‌ಮೇಕರ್’ ಇಡಿ. ಕಲರ್ ಟೆಂಪರೇಚರ್ ‘ವಾರ್ಮ್’ ಇರಲಿ, ‘ಕೂಲ್’ ಇಟ್ಟರೆ ಬಿಳುಪೆಲ್ಲ ನೀಲಿಗೆ ತಿರುಗುತ್ತದೆ. ಮೋಷನ್ ಸ್ಮೂದಿಂಗ್ ಆಫ್ ಮಾಡಿ. ಅದು ಸೆಕೆಂಡಿಗೆ 24 ಫ್ರೇಮಿನ ನಡುವೆ ತನ್ನದೇ ಫ್ರೇಮ್ ತುರುಕುತ್ತದೆ, ಡಿಸಾಲ್ವ್ ನಡೆಯುವಾಗ ಕಾಲಿನ ಅಂಚು ನೀರಿನಂತೆ ಅಲುಗಾಡುತ್ತದೆ. ನಾಯ್ಸ್ ರಿಡಕ್ಷನ್ ಕೂಡ ಆಫ್. ಅದು ಫಿಲ್ಮಿನ ಕಣಗಳನ್ನು ಕಸವೆಂದು ತಿಳಿದು ಅಳಿಸುವಾಗ ಪಿಯರ್ಸ್ ಒಂದೊಂದಾಗಿ ಅಂಟಿಸಿದ ಕೂದಲೂ ಅಳಿಸಿ ಮುಖ ಮಣ್ಣು ಮೆತ್ತಿದಂತಾಗುತ್ತದೆ. ಕೋಣೆ ಕತ್ತಲಾಗಿರಲಿ. ಮಧ್ಯಾಹ್ನ ಕಿಟಕಿ ತೆರೆದಿಟ್ಟು ನೋಡಿದರೆ ಕಾಡಿನ ದೃಶ್ಯಗಳಲ್ಲಿ ನಿಮ್ಮ ಮುಖವೇ ಕಾಣುವುದು.

ಮಂಜು ಇನ್ನೊಂದು ತಲೆನೋವು. ಈ ಚಿತ್ರದಲ್ಲಿ ಮಂಜು ಎಷ್ಟಿದೆಯೆಂದರೆ ಬಿಡುಗಡೆಯಾದಾಗಲೇ ನ್ಯೂಯಾರ್ಕ್ ಟೈಮ್ಸ್ ವಿಮರ್ಶೆ ಅದನ್ನು ಗೇಲಿ ಮಾಡಿತ್ತು. ಬೂದಿ ಬಣ್ಣದ ನೂರು ಛಾಯೆ ಮೆಲ್ಲಗೆ ಬದಲಾಗುವ ಇಂಥ ದೃಶ್ಯವನ್ನು, ಸೆಕೆಂಡಿಗೆ ಕಳಿಸುವ ಡೇಟಾ ಕಡಿಮೆಯಿರುವ, ಅಂದರೆ ಕಡಿಮೆ ಬಿಟ್‌ರೇಟಿನ ಸ್ಟ್ರೀಮ್ ತಾಳಿಕೊಳ್ಳುವುದಿಲ್ಲ, ಚೌಕ ಚೌಕವಾಗಿ ಒಡೆದು ತೋರಿಸುತ್ತದೆ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ನೋಡಿ ಚಿತ್ರವನ್ನು ಬೈಯಬೇಡಿ. ಕನಿಷ್ಠ 1080ಪಿ ಇರಲಿ, ಸಾಧ್ಯವಾದರೆ ಡಿಸ್ಕ್: ಬ್ಲೂ-ರೇ 2012ರಿಂದ ಇದೆ, 4ಕೆ ಡಿಸ್ಕ್ 2021ರಲ್ಲಿ ಬಂತು. ಯುರೋಪು, ಭಾರತದ ಹಳೆಯ ಟಿವಿ ಪದ್ಧತಿಯಾದ ಪ್ಯಾಲ್‌ನ ಡಿವಿಡಿ ಸಿಕ್ಕಿದರೆ ಉದ್ದ 67 ನಿಮಿಷ ತೋರಿಸಬಹುದು. ಏನೂ ಕತ್ತರಿಸಿಲ್ಲ, 24 ಫ್ರೇಮಿನದನ್ನು 25ರಲ್ಲಿ ಓಡಿಸಿದ್ದಕ್ಕೆ ಮೂರು ನಿಮಿಷ ಕಡಿಮೆ. ಆದರೆ ದನಿಯೂ ಒಂದಿಷ್ಟು ಏರುವುದರಿಂದ ಚೇನಿಯ ಭಾರದ ಧ್ವನಿ ತೆಳ್ಳಗಾಗುತ್ತದೆ.

ಮಗಳ ಜೊತೆ ನೋಡಬಹುದು. ರಕ್ತ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ತೋಳ ಮೈಮೇಲೆ ಬೀಳುವುದು ಮರದ ಮರೆಯಲ್ಲಿ, ಮಂಜಿನಲ್ಲಿ. ಅವಳಿಗೆ ತೊಂದರೆ ಕೊಡಬಹುದಾದದ್ದು ಕೊನೆ, ಅದನ್ನು ಮುಂಚೆಯೇ ತಿಳಿದಿರುವುದು ಒಳ್ಳೆಯದು (ನೀವು ತಿಳಿಯದೇ ನೋಡಬೇಕೆಂದಿದ್ದರೆ ಈ ಪ್ಯಾರಾ ಬಿಡಿ). ಮಗನನ್ನು ಕೊಲ್ಲುವವನು ಅಪ್ಪನೇ, ಮಗನೆಂದು ಅರಿಯದೆ, ಮಗನೇ ಕೊಂಡು ತಂದ ಅದೇ ಬೆಳ್ಳಿ ಹಿಡಿಕೆಯ ಕೋಲಿನಿಂದ. ಮುಖ ಮನುಷ್ಯನದಾಗುವುದನ್ನು ಅವನು ನಿಂತು ನೋಡುತ್ತಾನೆ. ಆಮೇಲೆ ಓಡಿಬರುವ ಪೊಲೀಸ್ ಅಧಿಕಾರಿ, ತೋಳ ಹುಡುಗಿಯ ಮೇಲೆ ಬಿದ್ದಾಗ ಲ್ಯಾರಿ ಕಾಪಾಡಲು ಬಂದಿರಬೇಕು ಎಂದು ತಾನೇ ಊಹಿಸಿಕೊಂಡು ಸಂತಾಪ ಹೇಳುತ್ತಾನೆ. ಅಪ್ಪನ ಬಾಯಿಂದ ಮಾತು ಹೊರಡುವುದಿಲ್ಲ. ಮನಸ್ಸಿನ ಕಾಯಿಲೆಯ ಕಥೆ ಮತ್ತು ರಾಕ್ಷಸನ ಕಥೆ, ಎರಡೂ ಒಂದಕ್ಕೊಂದು ಸರಿಯಾಗಿ ಕೂಡಿಕೊಳ್ಳುವ ಜಾಗ ಇಡೀ ಚಿತ್ರದಲ್ಲಿ ಇದೊಂದೇ.

ಇದಾದ ಮೇಲೆ ಏನು ಅಂತ ಕೇಳುವಿರಾದರೆ, ಮೊದಲು 1942ರ ‘ಕ್ಯಾಟ್ ಪೀಪಲ್’ ನೋಡಿ, 73 ನಿಮಿಷ. ಸಿಯೋಡ್ಮಾಕ್ ಮೊದಲ ಕರಡಿನಲ್ಲಿ ಬಯಸಿದ್ದನ್ನು, ಅಂದರೆ ಪ್ರಾಣಿಯನ್ನು ಆದಷ್ಟು ತೋರಿಸದೆ ಹೆದರಿಸುವುದನ್ನು, ಇನ್ನೊಂದು ಸ್ಟುಡಿಯೊ ಮಾಡಿ ತೋರಿಸಿತು. 1943ರ ಮುಂದುವರಿದ ಭಾಗದಲ್ಲಿ ಟಾಲ್ಬಟ್ ಮನೆತನದ ಸಮಾಧಿಗೆ ಕಳ್ಳರು ನುಗ್ಗುವ ಮೊದಲ ಕೆಲವು ನಿಮಿಷ ಮಾತ್ರ ತಪ್ಪಿಸಿಕೊಳ್ಳಬೇಡಿ, ಉಳಿದದ್ದು ನಿಮ್ಮ ತಾಳ್ಮೆಗೆ ಬಿಟ್ಟದ್ದು. 1944 ಮತ್ತು 1945ರ ಎರಡು ಚಿತ್ರಗಳನ್ನು ಬಿಟ್ಟರೂ ನಷ್ಟವಿಲ್ಲ. ಮಗಳಿಗೆ ತೋಳಮನುಷ್ಯ ಹಿಡಿಸಿದರೆ 1948ರ ‘ಅಬಾಟ್ ಆ್ಯಂಡ್ ಕಾಸ್ಟೆಲೊ ಮೀಟ್ ಫ್ರಾಂಕನ್‌ಸ್ಟೈನ್’ ಹಾಕಿ. ಅದರಲ್ಲೂ ಟಾಲ್ಬಟ್ ಚೇನಿಯೇ. ಸುತ್ತ ಎಲ್ಲರೂ ಹಾಸ್ಯ ಮಾಡುತ್ತಿದ್ದರೂ ಅವನೊಬ್ಬ ಮಾತ್ರ ಮುಖ ಸಪ್ಪೆ ಮಾಡಿಕೊಂಡು, ರಾತ್ರಿ ನನ್ನನ್ನು ಕೋಣೆಯಲ್ಲಿ ಕೂಡಿಹಾಕಿ ಬೀಗ ಹಾಕಿ ಎಂದು ಬೇಡಿಕೊಳ್ಳುತ್ತಿರುತ್ತಾನೆ.